ಫ್ರೀಕ್ವೆನ್ಸಿ ಬಿದ್ದ ಜನರೇಟರ್‌ಗೆ ಬರೀ ವೋಲ್ಟೇಜ್ ಏರಿಸಿ ಹೋದ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ನಮ್ಮೂರ ಡೇರಿಯ ಹಾಲಿನ ಕೂಲರ್‌ಗೆ ಇರುವ 25 ಕೆವಿಎ ಡೀಸೆಲ್ ಜನರೇಟರ್‌ನ ಸರ್ವಿಸ್ ಒಪ್ಪಂದ ನಿಮ್ಮದೇ. ಕಂಪ್ರೆಸರ್ ಓಡುವಾಗ ವೋಲ್ಟೇಜ್ 380ಕ್ಕೆ ಇಳಿಯುತ್ತದೆ ಎಂದು ದೂರು ಕೊಟ್ಟಿದ್ದೆವು. ನಿಮ್ಮ ಮೆಕ್ಯಾನಿಕ್ ಬಂದು, ವೋಲ್ಟೇಜ್ ಹದದಲ್ಲಿಡುವ ಎವಿಆರ್ ಮೇಲಿನ ಸ್ಕ್ರೂ ತಿರುಗಿಸಿದರು, 415 ತೋರಿಸಿದರು, ಸಹಿ ಹಾಕಿಸಿಕೊಂಡು ಹೊರಟರು. ಪಕ್ಕದಲ್ಲೇ ಇದ್ದ ಫ್ರೀಕ್ವೆನ್ಸಿ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಅದರ ಮುಳ್ಳು 46 ಹರ್ಟ್ಜ್‌ನಲ್ಲಿತ್ತು.

ತೊಂದರೆ ಇರುವುದೇ ಅಲ್ಲಿ. ಎಂಜಿನ್ ತಿರುಗಿಸಿದಾಗ ಕರೆಂಟ್ ಮಾಡುವ ಭಾಗ, ಅಂದರೆ ಆಲ್ಟರ್ನೇಟರ್, ನಮ್ಮದು ನಾಲ್ಕು ಪೋಲ್‌ನದು. 50 ಹರ್ಟ್ಜ್ ಬರಬೇಕಾದರೆ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಬೇಕು. 46 ಅಂದರೆ 1380 ಸುತ್ತು. ಈ ವೇಗ ಕಾಯಬೇಕಾದದ್ದು ಗವರ್ನರ್. ವೇಗ ಅಷ್ಟು ಬಿದ್ದಾಗ ಎವಿಆರ್ ಬೇಕೆಂದೇ ವೋಲ್ಟೇಜ್ ಇಳಿಸುತ್ತದೆ, ಎಂಜಿನ್ ಮೇಲಿನ ಭಾರ ತಗ್ಗಲಿ ಅಂತ. ಸರಿಯಾಗೇ ಇದ್ದ ಎವಿಆರ್‌ಗೆ ಸುಮ್ನೆ ಕೈ ಹಾಕಿದ್ದಾರೆ.

ಈಗ ಕಂಪ್ರೆಸರ್ ನಿಂತ ತಕ್ಷಣ ಎಂಜಿನ್ ವೇಗ ಮರಳಿ ಬಂದು ವೋಲ್ಟೇಜ್ 450ಕ್ಕೆ ಏರುತ್ತದೆ. ಅಂದರೆ ಒಂದೊಂದು ಫೇಸ್‌ಗೆ 260. ಹಾಲು ಪರೀಕ್ಷೆ ಮಾಡುವ ಯಂತ್ರದ ಪವರ್ ಸಪ್ಲೈ ಸುಟ್ಟದ್ದು ಹೀಗೇ. ಕಂಪ್ರೆಸರ್ ಓಡುವಾಗಲೂ ನೆಮ್ಮದಿಯಿಲ್ಲ. ಫ್ರೀಕ್ವೆನ್ಸಿ ಕಡಿಮೆಯಿದ್ದು ವೋಲ್ಟೇಜ್ ಪೂರ್ತಿ ಕೊಟ್ಟರೆ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಕಾಯುತ್ತದೆ, ಅದನ್ನು ತಣಿಸುವ ಫ್ಯಾನ್ ಬೇರೆ ನಿಧಾನ. ಮೋಟಾರ್ ಮೈಮೇಲೆ ಕೈ ಇಡಲಾಗುತ್ತಿಲ್ಲ. ಹಾಲು 4 ಡಿಗ್ರಿಗೆ ಇಳಿಯಲು ಮೊದಲಿಗಿಂತ ಎಷ್ಟೋ ಹೊತ್ತು ಬೇಕು. ಕೆಟ್ಟರೆ ನಷ್ಟ ಹೊರುವವರು ಒಂದೆರಡು ಹಸು ಕಟ್ಟಿಕೊಂಡ ಮನೆಗಳವರು.

"ನೀವೇ ಲೋಡ್ ಜಾಸ್ತಿ ಹಾಕಿದ್ದೀರಿ" ಅಂದರು ಮೆಕ್ಯಾನಿಕ್. ಈ ಮಾತನ್ನು ನಾವು ಒಪ್ಪುವುದಿಲ್ಲ. ಆಮೀಟರ್ 20 ಆಂಪಿಯರ್ ದಾಟುವುದಿಲ್ಲ. 25 ಕೆವಿಎ ಯಂತ್ರ ಸುಮಾರು 35 ಆಂಪಿಯರ್ ಕೊಡಬೇಕು, ಅಲ್ವಾ? ಮೆಕ್ಯಾನಿಕಲ್ ಗವರ್ನರ್ ಇದ್ದಾಗ ಲೋಡ್ ಇಲ್ಲದೆ 52 ಹರ್ಟ್ಜ್, ಪೂರ್ತಿ ಲೋಡ್‌ಗೆ 50 ಆಗುವುದು ಸಹಜ, ಅದಕ್ಕೆ ತಕರಾರಿಲ್ಲ. ಇಷ್ಟು ಲೋಡ್‌ಗೇ 46ಕ್ಕೆ ಬಿದ್ದು ಅಲ್ಲೇ ಕೂತರೆ ಡೀಸೆಲ್ ಫಿಲ್ಟರ್ ಕಟ್ಟಿರಬೇಕು, ಇಲ್ಲವೇ ಗವರ್ನರ್ ಲಿಂಕ್ ಸವೆದಿರಬೇಕು. ಎಂಜಿನ್ ಕಡೆಯ ಬಾಗಿಲನ್ನು ಅವರು ತೆರೆಯಲೇ ಇಲ್ಲ.

ಎಂಜಿನ್ ಕೆಲಸ ಬಲ್ಲವರನ್ನು ಕಳಿಸಿ. ಮೊದಲು ವೇಗ ಸರಿ ಮಾಡಿ, ಆಮೇಲೆ ವೋಲ್ಟೇಜ್ ಹೊಂದಿಸಲಿ. ಕಂಪ್ರೆಸರ್ ಓಡಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ, ವೋಲ್ಟೇಜ್, ಫ್ರೀಕ್ವೆನ್ಸಿ ಎರಡೂ ಮೀಟರ್‌ಗಳ ರೀಡಿಂಗ್ ಬರೆದ ಮೇಲಷ್ಟೇ ನಾವು ಸಹಿ ಹಾಕುತ್ತೇವೆ. ಸುಟ್ಟ ಪವರ್ ಸಪ್ಲೈ ಖರ್ಚು ನೀವೇ ಕೊಡಬೇಕು, ಬಿಲ್ ಇದರ ಜೊತೆಗಿದೆ. ಅಲ್ಲಿಯವರೆಗೆ ಕರೆಂಟ್ ಹೋದಾಗಲೆಲ್ಲ ಬಾಡಿಗೆ ಜನರೇಟರ್ ತರಿಸುತ್ತೇವೆ, ಆ ಬಾಡಿಗೆಯನ್ನೂ ನಿಮ್ಮಿಂದಲೇ ಕೇಳುತ್ತೇವೆ.

ಇಂತಿ,
ಕಾರ್ಯದರ್ಶಿ,
ಹಾಲು ಉತ್ಪಾದಕರ ಸಂಘ