ಮಗಳಿಗೊಂದು ಪತ್ರ: ಹಿಮದ ಇಳಿಜಾರಿಗೆ ಹೊರಡುವ ಮುನ್ನ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಒಂದೇ ಹಲಗೆಯ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಸ್ನೋಬೋರ್ಡಿಂಗ್ ಪ್ರವಾಸಕ್ಕೆಂದು ನೀನು ಬರೆದು ಕಳುಹಿಸಿದ ಖರ್ಚಿನ ಪಟ್ಟಿಯನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಕೈಯಲ್ಲಿರುವ ಹಣದಲ್ಲೇ ಹೋಗಿಬರಬೇಕು, ಯಾರಿಂದಲೂ ಸಾಲ ತೆಗೆದುಕೊಳ್ಳಬಾರದು ಎಂಬ ನಿನ್ನ ಹಟ ನನಗೆ ಹೆಮ್ಮೆ ತಂದಿದೆ. ಆದರೆ ಆ ಪಟ್ಟಿಯಲ್ಲಿ ಇಳಿಜಾರಿನ ಬುಡದಲ್ಲೇ ಇರುವ ಕೋಣೆ ಹಾಗೆಯೇ ಉಳಿದಿದೆ, ಮೊದಲ ದಿನದ ಪಾಠಕ್ಕೆ ಅಡ್ಡಗೆರೆ ಬಿದ್ದಿದೆ, ವಿಮೆಯ ಸುದ್ದಿಯೇ ಇಲ್ಲ. ಖರ್ಚಿಗೆ ಕತ್ತರಿ ಹಾಕಿದ್ದು ಸರಿ, ಹಾಕಿದ ಜಾಗ ಸರಿಯಿಲ್ಲ ಎಂದು ಅನಿಸಿದ್ದರಿಂದ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕೋಣೆಯ ವಿಚಾರ. ಬಾಗಿಲು ತೆರೆದೊಡನೆ ಹಿಮದ ಮೇಲೆ ಕಾಲಿಡುವ ಅನುಕೂಲಕ್ಕಾಗಿ ನೀನು ತೆರುವ ಹೆಚ್ಚುವರಿ ಬಾಡಿಗೆ ನಿಜವಾಗಿ ಉಳಿಸುವುದು ಬೆಳಗಿನ ಒಂದು ಬಸ್ ಪ್ರಯಾಣವನ್ನು ಮಾತ್ರ. ಬೆಟ್ಟದ ಕೆಳಗಿನ ಊರಿನಲ್ಲಿ ಅಡುಗೆಮನೆಯಿರುವ ಒಂದು ಮನೆಯನ್ನು ನಾಲ್ವರು ಸೇರಿ ಹಿಡಿದರೆ ತಲಾ ಬಾಡಿಗೆ ಬಹಳ ಇಳಿಯುತ್ತದೆ. ಅನೇಕ ರೆಸಾರ್ಟ್‌ಗಳು ಅಂಥ ಊರುಗಳಿಂದ ಬಸ್ ಓಡಿಸುತ್ತವೆ; ಕೊನೆಯ ಬಸ್ ಎಷ್ಟು ಗಂಟೆಗೆ ಎಂಬುದನ್ನು ಕೋಣೆ ಕಾಯ್ದಿರಿಸುವ ಮೊದಲೇ ಕೇಳಿಕೋ, ಏಕೆಂದರೆ ಅದು ತಪ್ಪಿದರೆ ಉಳಿಸಿದ್ದೆಲ್ಲ ಟ್ಯಾಕ್ಸಿಗೆ ಹೋಗುತ್ತದೆ. ಮಧ್ಯಾಹ್ನದ ಬುತ್ತಿಯನ್ನು ಚೀಲದಲ್ಲೇ ಒಯ್ಯಬೇಕು. ಬೆಟ್ಟದ ಮೇಲೆ ಪ್ರತಿಯೊಂದು ಸಾಮಾನನ್ನೂ ಹೊತ್ತು ಸಾಗಿಸಬೇಕಾದ್ದರಿಂದ ಅಲ್ಲಿಯ ಊಟ ಯಾವಾಗಲೂ ದುಬಾರಿ.

ಇನ್ನು ದಿನಾಂಕ. ಶನಿವಾರ, ಭಾನುವಾರ ಬೇಡ. ವರ್ಷಾಂತ್ಯದ ರಜೆಯ ವಾರವಂತೂ ಬೇಡವೇ ಬೇಡ. ವಾರದ ನಡುವಿನ ದಿನಗಳಲ್ಲಿ ದರವೂ ಕಡಿಮೆ, ಬೆಟ್ಟದ ಮೇಲಕ್ಕೆ ಕರೆದೊಯ್ಯುವ ಲಿಫ್ಟಿನ ಸಾಲೂ ಚಿಕ್ಕದು. ಒಂದೇ ಟಿಕೆಟ್ಟಿಗೆ ಹೆಚ್ಚು ಸಲ ಇಳಿಯಬಹುದು. ಹಿಮಗಾಲದ ಕೊನೆಯ ವಾರಗಳಲ್ಲೂ ದರ ಇಳಿಯುತ್ತದೆ ಮತ್ತು ಹಗಲು ಉದ್ದವಾಗಿರುತ್ತದೆ, ಆದರೆ ಆಗ ಎತ್ತರದ ಬೆಟ್ಟವನ್ನೇ ಆರಿಸಿಕೊಳ್ಳಬೇಕು, ತಗ್ಗಿನ ಜಾಗಗಳಲ್ಲಿ ಹಿಮ ಬೇಗ ಕರಗಿಹೋಗುತ್ತದೆ. ಲಿಫ್ಟ್ ಟಿಕೆಟ್ಟನ್ನು ಅಲ್ಲಿಯ ಕೌಂಟರಿನಲ್ಲಿ ಕೊಳ್ಳುವ ಬದಲು ಮುಂಚಿತವಾಗಿ ಆನ್‌ಲೈನಿನಲ್ಲಿ ಕೊಂಡುಬಿಡು. ಮೊದಲ ದಿನಕ್ಕೆ ಇಡೀ ಬೆಟ್ಟದ ಟಿಕೆಟ್ ನಿನಗೆ ಅಗತ್ಯವೂ ಇಲ್ಲ. ಹೊಸಬರಿಗಾಗಿ ಪಾಠ, ಬಾಡಿಗೆಯ ಸಲಕರಣೆ ಮತ್ತು ಕೆಳಗಿನ ಸಣ್ಣ ಲಿಫ್ಟ್‌ಗಳ ಟಿಕೆಟ್ ಮೂರೂ ಸೇರಿದ ಪ್ಯಾಕೇಜನ್ನು ಅನೇಕ ಕಡೆ ಕೊಡುತ್ತಾರೆ, ಅದು ಇದೆಯೇ ಎಂದು ವಿಚಾರಿಸು. ಇನ್ನೊಂದು ಮಾತು: ಅಮೆರಿಕದ ಆಲ್ಟಾ, ಡಿಯರ್ ವ್ಯಾಲಿ ಮತ್ತು ಮ್ಯಾಡ್ ರಿವರ್ ಗ್ಲೆನ್‌ಗಳಂತೆ ಸ್ಕೀ ಮಾಡುವವರನ್ನು, ಅಂದರೆ ಕಾಲಿಗೊಂದರಂತೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು ಜಾರುವವರನ್ನು ಮಾತ್ರ ಬಿಟ್ಟುಕೊಂಡು ಸ್ನೋಬೋರ್ಡನ್ನು ನಿಷೇಧಿಸಿರುವ ಬೆಟ್ಟಗಳೂ ಇವೆ, ಹಣ ಕಟ್ಟುವ ಮೊದಲು ನಿಯಮ ಓದಿಕೋ.

ಪಾಠವನ್ನು ಕೈಬಿಡಬೇಡ ಎಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. ಸ್ನೋಬೋರ್ಡಿನಲ್ಲಿ ಎರಡೂ ಪಾದಗಳು ಒಂದೇ ಹಲಗೆಗೆ ಬಿಗಿದಿರುತ್ತವೆ, ಬಿದ್ದಾಗ ಸ್ಕೀಗಳಂತೆ ಅದು ತಾನಾಗಿ ಕಳಚಿಕೊಳ್ಳುವುದಿಲ್ಲ. ಹಲಗೆ ಅಡ್ಡಡ್ಡಲಾಗಿ ಜಾರುತ್ತಿರುವಾಗ ಅದರ ಕೆಳಬದಿಯ ಅಂಚು ಕೂದಲೆಳೆಯಷ್ಟು ಹಿಮಕ್ಕೆ ಕಚ್ಚಿಕೊಂಡರೂ ಸಾಕು, ಮೈ ಕಡಿದ ಮರದಂತೆ ಒಮ್ಮೆಗೇ ಉರುಳುತ್ತದೆ ಮತ್ತು ಕೈ ನಮ್ಮನ್ನು ಕೇಳದೆಯೇ ನೆಲಕ್ಕೆ ಚಾಚಿಕೊಳ್ಳುತ್ತದೆ. ಹೊಸಬರಿಗೆ ಹೆಚ್ಚಾಗಿ ಪೆಟ್ಟಾಗುವುದು ಮಣಿಕಟ್ಟಿಗೇ ಎಂಬುದು ಇದರಿಂದಲೇ. ನಾನು ಕಲಿಯಲು ಹೋದಾಗ ಪಾಠದ ಹಣ ಉಳಿಯಲೆಂದು ಗೆಳತಿಯೊಬ್ಬಳ ಹಿಂದೆ ನೇರವಾಗಿ ದೊಡ್ಡ ಲಿಫ್ಟ್ ಹತ್ತಿದ್ದೆ. ರಾತ್ರಿಯಿಡೀ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಚಪ್ಪಡಿ ಕಲ್ಲಿನಷ್ಟು ಗಟ್ಟಿಯಾಗಿತ್ತು, ಅಂಚು ಕೆರೆಯುವ ಕರಕರ ಸದ್ದು ಕಿವಿಗೆ ಬೀಳುತ್ತಿತ್ತು, ಆ ಸದ್ದು ನಿಂತ ಮರುಗಳಿಗೆಯಲ್ಲಿ ನಾನು ಬಲ ಅಂಗೈ ಊರಿ ಬಿದ್ದಿದ್ದೆ. ಮೂಳೆ ಮುರಿಯಲಿಲ್ಲ, ಆದರೆ ಉಳುಕಿದ ಮಣಿಕಟ್ಟು ಊದಿಕೊಂಡು, ಉಳಿದ ಎರಡು ದಿನದ ಟಿಕೆಟ್ಟುಗಳನ್ನು ಜೇಬಿನಲ್ಲಿಟ್ಟುಕೊಂಡೇ ಕಿಟಕಿಯ ಬಳಿ ಕುಳಿತು ಇಳಿಜಾರನ್ನು ನೋಡಬೇಕಾಯಿತು. ಉಳಿಸಿದ ಪಾಠದ ಹಣಕ್ಕಿಂತ ಆ ಎರಡು ಟಿಕೆಟ್ಟುಗಳ ಬೆಲೆ ಹೆಚ್ಚಾಗಿತ್ತು. ಹೇಗೆ ನಿಲ್ಲುವುದು, ಹೇಗೆ ಬೀಳುವುದು, ಹಿಮ್ಮಡಿಯ ಅಂಚಿನ ಮೇಲೆ ಭಾರ ಹಾಕಿ ಹೇಗೆ ವೇಗ ತಗ್ಗಿಸುವುದು, ಒಂದು ಕಾಲನ್ನು ಬಿಚ್ಚಿಕೊಂಡು ಲಿಫ್ಟಿನಿಂದ ಹೇಗೆ ಇಳಿಯುವುದು, ಇವಿಷ್ಟನ್ನು ಬಲ್ಲವರೊಬ್ಬರು ಎರಡು ಗಂಟೆ ಪಕ್ಕದಲ್ಲಿ ನಿಂತು ಕಲಿಸಿದರೆ ಉಳಿದ ದಿನಗಳ ಟಿಕೆಟ್ಟಿನ ಹಣ ಸಾರ್ಥಕವಾಗುತ್ತದೆ. ಒಬ್ಬರಿಗೇ ಹೇಳಿಕೊಡುವ ದುಬಾರಿ ಪಾಠ ಬೇಡ, ಗುಂಪಿನ ಪಾಠವೇ ಸಾಕು.

ಹಳೆಯ ಹಲಗೆ ಮತ್ತು ಬೂಟುಗಳನ್ನು ಅಗ್ಗಕ್ಕೆ ಕೊಳ್ಳುವ ಯೋಚನೆಯನ್ನು ಈ ಸಲ ಬಿಡು. ಹಲಗೆ ದೊಡ್ಡ ವಿಷಯವಲ್ಲ. 1965ರ ಕ್ರಿಸ್‌ಮಸ್ ದಿನ ಮಿಷಿಗನ್ನಿನ ಮಸ್ಕೀಗನ್ ಊರಿನಲ್ಲಿ ಶೆರ್ಮನ್ ಪಾಪೆನ್ ಎಂಬ ತಂದೆ ತನ್ನ ಮಗಳಿಗಾಗಿ ಎರಡು ಸ್ಕೀಗಳನ್ನು ಒಟ್ಟಿಗೆ ಜೋಡಿಸಿ ಮಾಡಿಕೊಟ್ಟ ಆಟಿಕೆಯೇ ಇಂದಿನ ಸ್ನೋಬೋರ್ಡಿನ ಪೂರ್ವಜ. 1998ರ ನಗಾನೊ ಒಲಿಂಪಿಕ್ಸಿಗೆ ಬಂದ ಕ್ರೀಡೆಯ ಮೂಲ ಅಷ್ಟು ಸರಳವಾದದ್ದು. ಹಾಗಾಗಿ ಬಾಡಿಗೆಯ ಸಾಧಾರಣ, ಮೆತ್ತಗೆ ಬಾಗುವ ಹಲಗೆ ಕಲಿಯುವವಳಿಗೆ ಧಾರಾಳವಾಗಿ ಸಾಕು. ಗಮನ ಕೊಡಬೇಕಾದದ್ದು ಬೂಟಿಗೆ. ತೆಳುವಾದ ಒಂದೇ ಜೊತೆ ಉಣ್ಣೆಯ ಕಾಲುಚೀಲ ತೊಟ್ಟು, ಬೂಟು ಬಿಗಿದು, ಮಂಡಿ ಬಾಗಿಸಿ ಮುಂದಕ್ಕೆ ವಾಲಿ ನೋಡು: ಬೆರಳುಗಳು ತುದಿಗೆ ಹಗುರವಾಗಿ ತಾಗಬೇಕು, ಹಿಮ್ಮಡಿ ಮೇಲೇಳಬಾರದು. ಎದ್ದರೆ ನಾಚಿಕೊಳ್ಳದೆ ಬೇರೆ ಅಳತೆ ಕೇಳು, ಮೂರು ಸಲವಾದರೂ ಸರಿ. ಹಿಮ್ಮಡಿ ಸಡಿಲವಾಗಿದ್ದರೆ ನೀನು ಕೊಟ್ಟ ಒತ್ತಡ ಅಂಚಿಗೆ ತಲುಪುವುದಿಲ್ಲ, ಹಲಗೆ ಹೇಳಿದ ಮಾತು ಕೇಳುವುದಿಲ್ಲ.

ಜಾಕೆಟ್ಟು, ಪ್ಯಾಂಟುಗಳನ್ನು ಗೆಳತಿಯರಿಂದ ಎರವಲು ಪಡೆದರೆ ತಪ್ಪೇನಿಲ್ಲ, ನೀರು ಒಳಗಿಳಿಯದಿದ್ದರೆ ಸಾಕು. ಆದರೆ ಮೈಗೆ ಅಂಟುವ ಒಳಪದರ ಹತ್ತಿಯದಾಗಬಾರದು; ಹತ್ತಿ ಬೆವರನ್ನು ಹೀರಿಕೊಂಡು ಬೇಗ ಒಣಗದೆ ಮೈಯನ್ನು ಕೊರೆಯುತ್ತದೆ. ಪ್ರತಿ 1000 ಮೀಟರ್ ಏರಿದಂತೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ, ಆದ್ದರಿಂದ ಬಸ್ ನಿಲ್ದಾಣದ ಚಳಿಯನ್ನು ನೋಡಿ ಉಡುಪು ಲೆಕ್ಕ ಹಾಕಬೇಡ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಶೇ. 80ರವರೆಗೆ ಮರಳಿ ಚಿಮ್ಮಿಸುತ್ತದೆ. ಮೋಡವಿದ್ದರೂ ಗಾಗಲ್ಸ್ ತೆಗೆಯದಿರು, ಗಲ್ಲದ ಕೆಳಭಾಗಕ್ಕೂ ಸನ್‌ಸ್ಕ್ರೀನ್ ಹಚ್ಚಿಕೋ. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ, ಅದರ ಬಗ್ಗೆ ನಾನು ಚರ್ಚೆಗೇ ಸಿದ್ಧಳಿಲ್ಲ.

ವಿಮೆಯ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಹಿಮಕ್ರೀಡೆಗಳು ಎಷ್ಟೋ ಸಲ ಸೇರಿರುವುದಿಲ್ಲ, ಬೆಟ್ಟದಿಂದ ಕೆಳಗೆ ಸಾಗಿಸುವ ರಕ್ಷಣಾ ವೆಚ್ಚವೂ ಸೇರಿರುವುದಿಲ್ಲ. ಎರಡನ್ನೂ ಹೆಸರಿಟ್ಟು ಬರೆದಿರುವ ಪಾಲಿಸಿಯನ್ನೇ ತೆಗೆದುಕೋ. ಗುರುತು ಹಾಕಿದ ಗಡಿ ದಾಟಿದರೆ ಹಿಮಕುಸಿತದ ಅಪಾಯವಿದೆ, ಆಗ ವಿಮೆಯೂ ನಿನ್ನ ಕೈಬಿಡಬಹುದು. ಆದ್ದರಿಂದ ಹಗ್ಗದ ಆಚೆ ಕಾಣುವ, ಯಾರೂ ತುಳಿಯದ ಹಿಮ ಎಷ್ಟೇ ಕರೆದರೂ ಹೋಗಬೇಡ.

ಕೆಳಗಿನ ಊರಿನ ಕೋಣೆಯಿಂದ ಉಳಿಯುವ ಹಣದಲ್ಲಿ ಪಾಠವೂ ವಿಮೆಯೂ ಸೇರುತ್ತವೆಯೇ ಎಂದು ಹೊಸ ಪಟ್ಟಿ ಮಾಡಿ ಕಳುಹಿಸು. ಈ ಪತ್ರದ ಜೊತೆಗಿರುವ ಪೊಟ್ಟಣದಲ್ಲಿ ಒಂದು ಜೊತೆ ಮಣಿಕಟ್ಟಿನ ಕವಚಗಳಿವೆ. ಎಡ, ಬಲ ಎಂದು ಗುರುತು ಹಾಕಿದ್ದೇನೆ, ಗಟ್ಟಿ ಪಟ್ಟಿ ಅಂಗೈಯ ಕಡೆಗೆ ಬರಬೇಕು. ಅವನ್ನು ತೊಟ್ಟ ಮೇಲೆ ಕೈಗವಸು ಏರುತ್ತದೆಯೇ ಎಂದು ಹೊರಡುವ ಮೊದಲೇ ನೋಡಿ ನನಗೆ ತಿಳಿಸು.

ಇಂತಿ,
ನಿನ್ನ ಅಮ್ಮ