ಚಿತ್ರ ಬರಬೇಕೆಂದಿಲ್ಲ, ಮೇಘಾ

ಧಾರವಾಡ

ಚಿ. ಮೇಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಬರೆದದ್ದನ್ನು ಓದಿದೆ. ಅಪ್ಪ ಹೋದ ಮೇಲೆ ನಿದ್ದೆ ಕೆಟ್ಟಿದೆ, ಆಪ್ತಸಮಾಲೋಚಕರ ಮುಂದೆ ಕುಳಿತರೆ ಬಾಯಿಂದ ಮಾತೇ ಹೊರಡಲಿಲ್ಲ, ಹಾಗಾಗಿ ಹೋಗುವುದನ್ನೇ ಬಿಟ್ಟೆ ಎಂದಿದ್ದೀ. ಈಗ ಗೆಳತಿಯೊಬ್ಬಳು ಆರ್ಟ್ ಥೆರಪಿಗೆ, ಅಂದರೆ ಚಿತ್ರ ಬರೆಯುತ್ತ ಮನಸ್ಸಿಗೆ ಪಡೆಯುವ ಚಿಕಿತ್ಸೆಗೆ, ಹೋಗು ಎನ್ನುತ್ತಿದ್ದಾಳೆ. ಶಾಲೆಯಲ್ಲಿ ಡ್ರಾಯಿಂಗ್ ಎಂದರೆ ಹೆದರುತ್ತಿದ್ದ ನನಗೆ ಅದು ಒಗ್ಗೀತೇ ಎಂದು ಕೇಳಿದ್ದೀ. ಮನೋವೈದ್ಯಕೀಯ ವಿಭಾಗದಲ್ಲಿ ನರ್ಸ್ ಆಗಿ ನಿವೃತ್ತಳಾದವಳು ನಾನು. ಕಂಡು ತಿಳಿದದ್ದನ್ನು ಹೇಳುತ್ತೇನೆ.

ಮೊದಲು ನಿದ್ದೆಯ ಮಾತು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಎಂದಾದರೆ ಬಣ್ಣದ ಪೆಟ್ಟಿಗೆಗೆ ಮುನ್ನ ಮನೋವೈದ್ಯರನ್ನು ಒಮ್ಮೆ ನೋಡಲೇಬೇಕು. ಮಾತ್ರೆ ಬರೆಯುವುದು ಅವರ ಕೆಲಸ, ಥೆರಪಿಸ್ಟ್‌ಗಳದ್ದಲ್ಲ. ನೀನಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ, ಹೊರರೋಗಿ ವಿಭಾಗಕ್ಕೆ ಹೋಗಲು ಸಂಕೋಚ ಬೇಡ. ಬದುಕು ಸಾಕು ಎಂಬ ಯೋಚನೆ ಯಾವ ಹೊತ್ತಿನಲ್ಲಿ ಬಂದರೂ ಆ ಕ್ಷಣವೇ 14416ಕ್ಕೆ ಕರೆ ಮಾಡು. ಅದು ಸರಕಾರದ ಟೆಲಿ ಮನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು; ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಅದಾದ ಮೇಲೆ ನನಗೂ ಮಾಡು.

ಇನ್ನು ಚಿತ್ರದ ವಿಷಯ. ಆರ್ಟ್ ಥೆರಪಿ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗಿಯಾಗಿ ಸ್ಯಾನಟೋರಿಯಮ್ಮಿನಲ್ಲಿ ಮಲಗಿದ್ದಾಗ ಹಾಸಿಗೆಯಲ್ಲೇ ಚಿತ್ರ ಬರೆಯುತ್ತ ಚೇತರಿಸಿಕೊಂಡ, ಆಮೇಲೆ ಅಲ್ಲಿದ್ದ ಇತರ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದವರಿಗೂ ಪೆನ್ಸಿಲ್ ಹಿಡಿಸಿದ. ಅವರಲ್ಲಿ ಎಷ್ಟೋ ಮಂದಿ ಅದುವರೆಗೆ ಬ್ರಷ್ ಮುಟ್ಟಿದವರೇ ಅಲ್ಲ. ಹಾಗಾಗಿ ನಿನ್ನ ಡ್ರಾಯಿಂಗ್ ಅಂಕಗಳನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಒಳಗೆ ಹೋದರೆ ಮೇಜಿನ ಮೇಲೆ ಕಾಗದ, ಕ್ರೇಯಾನ್, ಜಲವರ್ಣ, ಜೇಡಿಮಣ್ಣು, ಕತ್ತರಿಸಿ ಅಂಟಿಸಲು ಹಳೆಯ ಪತ್ರಿಕೆಗಳು ಇರುತ್ತವೆ. ನಿನ್ನ ಪಾಡಿಗೆ ನೀನು ಏನನ್ನಾದರೂ ಮಾಡುತ್ತೀ, ಅಥವಾ ಸುಮ್ಮನೆ ಗೀಚುತ್ತೀ, ಥೆರಪಿಸ್ಟ್ ಜೊತೆಗಿರುತ್ತಾರೆ. ಮಾತು ಹೊರಡದ ಹೊತ್ತಿನಲ್ಲಿ ಕೈಗೆ ಕೆಲಸ ಇರುವುದೇ ದೊಡ್ಡ ಬಿಡುಗಡೆ. ಎದುರಿನವರ ಮುಖ ನೋಡುತ್ತ ಉತ್ತರ ಕೊಡಬೇಕಾದ ಬಿಗಿ ಸಡಿಲುತ್ತದೆ, ಇಬ್ಬರ ಕಣ್ಣೂ ಕಾಗದದ ಮೇಲಿರುತ್ತವೆ. ಆಮೇಲೆ ಅವರು 'ಇದೇನು' ಎಂದು ಪ್ರಶ್ನಿಸುವ ಬದಲು 'ಇದರ ಬಗ್ಗೆ ಏನಾದರೂ ಹೇಳಬೇಕೆನಿಸುತ್ತದೆಯೇ' ಎಂದು ಕೇಳುತ್ತಾರೆ. ಹೇಳಬೇಕೆನಿಸದಿದ್ದರೆ ಬಿಡಬಹುದು. ಚಿತ್ರ ಅಲ್ಲೇ ಜೋಪಾನವಾಗಿರುತ್ತದೆ. ತಿಂಗಳಾದ ಮೇಲೆ ಎಲ್ಲವನ್ನೂ ಸಾಲಾಗಿ ಹರಡಿ ನೋಡುವಾಗ, ಬರೆದ ದಿನ ಹೊಳೆಯದಿದ್ದದ್ದು ಕಣ್ಣಿಗೆ ಬೀಳುವುದುಂಟು.

ಕೊಡುವ ಸಾಮಗ್ರಿಯಲ್ಲೂ ಲೆಕ್ಕಾಚಾರವಿದೆ. ಪೆನ್ಸಿಲ್ ನಮ್ಮ ಹಿಡಿತದಲ್ಲಿರುತ್ತದೆ, ನೀರಿನ ಬಣ್ಣ ಅದರ ಇಷ್ಟಕ್ಕೆ ಹರಿಯುತ್ತದೆ. ಮನಸ್ಸು ತೀರಾ ಕದಡಿದವರಿಗೆ ಹರಿಯುವ ಬಣ್ಣ ಕೊಟ್ಟರೆ ದುಃಖವೂ ಅದರೊಂದಿಗೆ ಕಟ್ಟೆಯೊಡೆಯಬಹುದು. ಅದು ತಿಳಿದಿರುವುದು ತರಬೇತಿ ಪಡೆದವರಿಗೆ ಮಾತ್ರ. ಅದಕ್ಕೇ, ನೀನು ಹೇಳಿದ ಆ ಭಾನುವಾರದ ಕಾರ್ಯಾಗಾರಕ್ಕೆ ಬೇಕಾದರೆ ಹೋಗಿ ಬಾ, ಮನಸ್ಸು ಹಗುರಾದೀತು, ಆದರೆ ಅದನ್ನು ಚಿಕಿತ್ಸೆ ಎಂದು ನಂಬಬೇಡ. ಅಂಥಲ್ಲಿ ಮಾಡಿಸುವ ಹಾಗೆ ಮಂಡಲಕ್ಕೆ, ಅಂದರೆ ದುಂಡನೆಯ ವಿನ್ಯಾಸಕ್ಕೆ, ಬಣ್ಣ ತುಂಬುವುದು ಒಳ್ಳೆಯ ಹವ್ಯಾಸ, ಅಷ್ಟೇ.

ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದವರು ಆರ್ಟ್ ಥೆರಪಿಸ್ಟ್ ಎಂದು ಹೇಳಿಕೊಳ್ಳುವುದು ಕಾನೂನಿಗೆ ವಿರುದ್ಧ. ನಮ್ಮಲ್ಲಿ ಆ ಕಾವಲು ಅಷ್ಟು ಗಟ್ಟಿಯಾಗಿಲ್ಲ, ಎರಡು ದಿನದ ಕೋರ್ಸ್ ಮಾಡಿದವರೂ ಬೋರ್ಡ್ ಹಾಕಿಕೊಳ್ಳುವುದುಂಟು. ಹೀಗಾಗಿ ವಿಚಾರಿಸುವ ಹೊಣೆ ನಿನ್ನ ಮೇಲೇ ಬೀಳುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಸಂಖ್ಯೆ ಕೇಳಿ ಪಡೆದು ಪರಿಷತ್ತಿನ ಜಾಲತಾಣದಲ್ಲಿ ತಾಳೆ ನೋಡು. ಕಲೆಯನ್ನು ಬಳಸುವವರಾದರೆ ಎಲ್ಲಿ ಕಲಿತರು, ಎಷ್ಟು ಕಾಲ ಕಲಿತರು, ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆಯೇ, ಅಗಲಿಕೆಯ ನೋವಿನವರೊಂದಿಗೆ ಕೆಲಸ ಮಾಡಿದ್ದಾರೆಯೇ ಎಂದು ನೇರವಾಗಿ ಕೇಳು. ಶುಲ್ಕವನ್ನೂ ಮೊದಲೇ ಕೇಳಿಬಿಡು. ನಿಜವಾಗಿ ಬಲ್ಲವರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಎದ್ದು ಬಾ.

ಎದ್ದು ಬರಬೇಕಾದ ಇನ್ನೊಂದು ಸಂದರ್ಭವಿದೆ. ಕಪ್ಪು ಬಳಿದರೆ ಖಿನ್ನತೆ, ಬೇರಿಲ್ಲದ ಮರ ಬರೆದರೆ ಅಭದ್ರತೆ ಎಂದು ಪಂಚಾಂಗ ಓದಿದ ಹಾಗೆ ನಿನ್ನ ಚಿತ್ರವನ್ನು ಓದಿ ಹೇಳುವವರ ಬಳಿ ಒಂದು ಗಳಿಗೆಯೂ ಕೂರಬೇಡ. ಆ ಚಿತ್ರಕ್ಕೆ ಅರ್ಥ ಹೇಳುವ ಹಕ್ಕು ನಿನ್ನದು. ನಿನ್ನ ಅನುಮತಿ ಇಲ್ಲದೆ ಅದರ ಫೋಟೋ ತೆಗೆದು ಯಾರಿಗೂ ತೋರಿಸುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿಷಯ ಗೋಪ್ಯವಾಗಿರಬೇಕೆಂಬ ಹಕ್ಕನ್ನು ಕೊಟ್ಟಿದೆ, ನೆನಪಿರಲಿ.

ಇದು ಎಲ್ಲರಿಗೂ ಎಲ್ಲ ಕಾಯಿಲೆಗೂ ಮದ್ದು ಎಂದು ನಾನು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದ್ದ 417 ಮಂದಿಯನ್ನು ಒಳಗೊಂಡ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಗುಂಪಿನಲ್ಲಿ ನಡೆಸಿದ ಆರ್ಟ್ ಥೆರಪಿಯಿಂದ ಅವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ನಿನ್ನ ಸ್ಥಿತಿ ಬೇರೆ. ನಿನ್ನಲ್ಲಿ ದುಃಖವಿದೆ, ಅದನ್ನು ಹೇಳಲು ಬಾಯಿ ಬರುತ್ತಿಲ್ಲ. ಅಂಥವರಿಗೆ ಇದು ಒಳ್ಳೆಯ ಬಾಗಿಲು ಎಂದು ನನ್ನ ನಂಬಿಕೆ. ಕೆಲವು ವಾರ ಹೋಗಿ ನೋಡು. ಹಿಡಿಸದಿದ್ದರೆ ಅದನ್ನು ಆ ಥೆರಪಿಸ್ಟ್‌ಗೇ ಹೇಳು, ಅಷ್ಟಕ್ಕೂ ಸರಿಹೋಗದಿದ್ದರೆ ಬೇರೆಯವರನ್ನು ಹುಡುಕು. ಹಿಂದಿನ ಆಪ್ತಸಮಾಲೋಚಕರ ಬಳಿ ಮಾತು ಬಾರದಿದ್ದದ್ದು ನಿನ್ನ ಸೋಲು ಎಂದು ತಿಳಿಯಬೇಡ, ಕಂದಾ.

ಅಮ್ಮನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು, ನನ್ನ ಬಾಯಿಂದ ಅವಳಿಗೆ ತಿಳಿಯುವುದಿಲ್ಲ. ಮನೋವೈದ್ಯರ ಬಳಿ ಮೊದಲ ದಿನ ಜೊತೆಗೆ ಯಾರಾದರೂ ಬೇಕೆನಿಸಿದರೆ ಹಿಂದಿನ ದಿನ ತಿಳಿಸಿದರೂ ಸಾಕು, ರಾತ್ರಿ ರೈಲಿಗೆ ಹೊರಟು ಬರುತ್ತೇನೆ.

ಇತಿ ನಿನ್ನ,
ದೊಡ್ಡಮ್ಮ