ಭಾನುವಾರದ ಪುಸ್ತಕ ಪರಿಶೀಲನೆ: ಸದಸ್ಯರ ಗಮನಕ್ಕೆ

ಓದುಗರ ಬಳಗದ ಎಲ್ಲ ಸದಸ್ಯರಿಗೂ ನಮಸ್ಕಾರಗಳು.

ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕರ ಒಪ್ಪಿಗೆಯೊಂದಿಗೆ ಬರುವ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಪುಸ್ತಕಗಳ ಪರಿಶೀಲನೆ ನಡೆಯಲಿದ್ದು, ಆ ಅವಧಿಯಲ್ಲಿ ಎರವಲು ವಿಭಾಗ ಮುಚ್ಚಿರುತ್ತದೆ; ಪತ್ರಿಕೆ ಓದುವ ಕೋಣೆ ಎಂದಿನಂತೆ ತೆರೆದಿರುತ್ತದೆ. ಅವಧಿ ಮೀರಿದ ಪುಸ್ತಕಗಳು ಮನೆಯಲ್ಲಿದ್ದರೆ ದಯವಿಟ್ಟು ಶನಿವಾರ ಸಂಜೆಯೊಳಗೆ ಹಿಂದಿರುಗಿಸಿ.

ಬರುವವರು ಇಬ್ಬಿಬ್ಬರಾಗಿ ಒಂದೊಂದು ಕಪಾಟು ವಹಿಸಿಕೊಂಡು, ಒಬ್ಬರು ಪುಸ್ತಕದ ನೋಂದಣಿ ಸಂಖ್ಯೆಯನ್ನು ಓದಿ ಹೇಳಬೇಕು, ಇನ್ನೊಬ್ಬರು ದಾಖಲೆ ವಹಿಯಲ್ಲಿ ಗುರುತು ಹಾಕಬೇಕು. ಹರಿದ ಪುಸ್ತಕಗಳನ್ನು ಬೇರೆಯಾಗಿಡಿ. ಅವುಗಳಿಗೆ ಯಾರೂ ಪ್ಲಾಸ್ಟಿಕ್ ಟೇಪ್ ಹಚ್ಚಬಾರದೆಂದು ವಿಶೇಷವಾಗಿ ಕೋರುತ್ತೇನೆ, ಏಕೆಂದರೆ ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿದು ಪುಟವನ್ನೇ ಕೆಡಿಸುತ್ತದೆ. ತೆಳು ಕಾಗದದ ಪಟ್ಟಿಗೆ ಮೈದಾ ಅಂಟು ಸವರಿ, ಹರಿದ ಕಡೆ ಕೂರಿಸಿ, ಮೇಲೆ ಭಾರವಿಟ್ಟು ಒಣಗಿಸುವುದೇ ಸರಿಯಾದ ಕ್ರಮ. ಟೇಪಿನಿಂದಲೇ ಹಾಳಾದ ಹಳೆಯ ಕಾದಂಬರಿಗಳನ್ನು ಕಂಡಾಗ ನಿಜಕ್ಕೂ ನೋವಾಗುತ್ತದೆ.

ಹೊಸ ಪುಸ್ತಕಗಳ ಕೋರಿಕೆಯನ್ನೂ ಅಂದೇ ಸಲ್ಲಿಸೋಣ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಂತೆ ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ, ಆದ್ದರಿಂದ ಕೇಳಲು ಸಂಕೋಚ ಬೇಡ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಬೇಡಿಕೆ ಹೇಗೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಬಾರಿ ಮಕ್ಕಳ ಕಪಾಟಿಗೆ ಮೊದಲ ಆದ್ಯತೆ ಸಿಗಬೇಕು. ಪುಸ್ತಕದ ಹೆಸರು, ಲೇಖಕರು ಮತ್ತು ಪ್ರಕಾಶಕರನ್ನು ಸ್ಪಷ್ಟವಾಗಿ ಬರೆಯಿರಿ.

ಭಾನುವಾರ ಬರುವವರು ತಮ್ಮ ಹೆಸರು ಮತ್ತು ಅನುಕೂಲವಾದ ಸಮಯವನ್ನು ಶುಕ್ರವಾರ ರಾತ್ರಿಯೊಳಗೆ ಈ ಗುಂಪಿನಲ್ಲೇ ತಿಳಿಸಬೇಕಾಗಿ ವಿನಂತಿ.